ಇಷ್ಟೇ ಏನು?



ಹಾಡನ್ನು ಕೇಳಿ ಸುಮ್ಮನಿರುವವನು ಜಾಣ. ಅದಕ್ಕೆ ಅರ್ಥ ಹೇಳಹೊರಟವನು ಸಾಮಾನ್ಯವಾಗಿ ಹಾಡನ್ನೂ ಕೆಡಿಸಿ ತನ್ನ ಮರ್ಯಾದೆಯನ್ನೂ ಕಳೆದುಕೊಳ್ಳುತ್ತಾನೆ. ಇಂಗ್ಲಿಷ್ ಪದ್ಯಗಳಿಗೆ ಅರ್ಥ ಹೇಳುವುದನ್ನೇ ಹೊಟ್ಟೆಯ ಪಾಡಾಗಿ ಮಾಡಿಕೊಂಡಿರುವ ನಮಗೆ ಈ ಅಪಾಯ ಹೊಸದೇನೂ ಅಲ್ಲ. ಆದರೆ ಇಂದು ನಾವು ಎತ್ತಿಕೊಂಡಿರುವ ಹಾಡಿಗೆ ಯಾವ ಪಠ್ಯಪುಸ್ತಕದ ಆಶ್ರಯವೂ ಇಲ್ಲ. ಅಮೆರಿಕದಲ್ಲಿ 1969ರಲ್ಲಿ ಧ್ವನಿಮುದ್ರಿಕೆಯಾಗಿ ಹೊರಬಂದು ಜನಪ್ರಿಯವಾದ ಹಾಡು ಅದು. ಹೆಸರು 'ಈಸ್ ದಟ್ ಆಲ್ ದೇರ್ ಈಸ್?', ಕನ್ನಡದಲ್ಲಿ 'ಇಷ್ಟೇ ಏನು?' ಎನ್ನಬಹುದು. ಹಾಡಿದಾಕೆ ಪೆಗಿ ಲೀ.

ನಮಗೆ ಈ ಹಾಡಿನ ಪರಿಚಯವಾದದ್ದು ವಕೀಲರಾದ ಸ್ನೇಹಿತರೊಬ್ಬರ ಮನೆಯಲ್ಲಿ. ಹಳೆಯ ಧ್ವನಿಮುದ್ರಿಕೆಗಳನ್ನು ಕೂಡಿಡುವುದು ಅವರ ಹವ್ಯಾಸ. ಒಂದು ಭಾನುವಾರ ಸಂಜೆ, ಊಟಕ್ಕೆ ಮುಂಚೆ, ಈ ತಟ್ಟೆಯನ್ನು ಹಾಕಿದರು. ನಾಲ್ಕು ನಿಮಿಷಕ್ಕಿಂತ ತುಸು ಹೆಚ್ಚು ಹೊತ್ತಿನ ಹಾಡು. ಮುಗಿದೊಡನೆ ಸ್ನೇಹಿತರು ನಕ್ಕು, "ಇದು ಕುಡುಕರ ವೇದಾಂತ ಕಣಯ್ಯ. ಚಾರ್ವಾಕನಿಗೆ ಅಮೆರಿಕದಲ್ಲಿ ಹುಟ್ಟಿದ ಮೊಮ್ಮಗಳು ಈಕೆ" ಎಂದರು. ಅವರ ಸೋದರಮಾವಂದಿರು ವಯೋವೃದ್ಧರು, ಇಂಗ್ಲಿಷನ್ನೂ ಸಂಸ್ಕೃತವನ್ನೂ ಚೆನ್ನಾಗಿ ಬಲ್ಲವರು. "ಹಾಗೆನ್ನಬೇಡ. ಇದು ವೈರಾಗ್ಯವೇ, ದಾರಿ ತಪ್ಪಿದೆ, ಅಷ್ಟೆ" ಎಂದು ಅವರ ತೀರ್ಪು. ವೈದ್ಯ ವಿದ್ಯಾರ್ಥಿನಿಯಾದ ಮಗಳು ಸುಮ್ಮನಿರಲಿಲ್ಲ. "ಎರಡೂ ಅಲ್ಲ ತಾತ, ಇದೊಂದು ಕಾಯಿಲೆ. ಯಾವುದರಲ್ಲಿಯೂ ಸುಖ ತೋರದೆ ಹೋಗುವುದಕ್ಕೆ ನಮ್ಮ ಪುಸ್ತಕದಲ್ಲಿ ಹೆಸರೇ ಉಂಟು" ಎಂದಳು. ಬಳಿಕ ನಮ್ಮ ಕಡೆಗೆ ತಿರುಗಿ, "ನೀವೇನು ಹೇಳುತ್ತೀರಿ, ಮೇಷ್ಟ್ರೇ?" ಎಂದು ಕೇಳಿದಳು. ಅಷ್ಟರಲ್ಲಿ ಎಲೆ ಹಾಕಿದೆಯೆಂದು ಒಳಗಿನಿಂದ ಕರೆ ಬಂದಿತು, ನಾವು ಬದುಕಿಕೊಂಡೆವು. ಅಂದು ಕೊಡದೆ ತಪ್ಪಿಸಿಕೊಂಡ ಉತ್ತರವನ್ನು ಇಂದು ಕೊಡುವ ಯತ್ನ ಮಾಡುತ್ತೇವೆ.

ಮೊದಲು ಹಾಡಿನಲ್ಲಿ ಏನಿದೆ ಎಂಬುದನ್ನು ಹೇಳಬೇಕು. ಒಬ್ಬ ಹೆಂಗಸು ತನ್ನ ಬಾಳಿನ ಮೂರು ನಾಲ್ಕು ಸಂಗತಿಗಳನ್ನು ಹೇಳುತ್ತಾಳೆ. 'ಹೇಳುತ್ತಾಳೆ' ಎಂದದ್ದು ಬೇಕೆಂದೇ. ಈ ಭಾಗಗಳಿಗೆ ರಾಗವಿಲ್ಲ. ಹಿಂದೆ ವಾದ್ಯ ಮೆಲ್ಲಗೆ ತೂಗುತ್ತಿರುತ್ತದೆ, ಮುಂದೆ ಆಕೆ ಜಗಲಿಯ ಮೇಲೆ ಕುಳಿತು ನೆರೆಯವರೊಡನೆ ಆಡುವಂತೆ ಮಾತಾಡುತ್ತಾಳೆ. ಪ್ರತಿಯೊಂದು ಸಂಗತಿಯ ಕೊನೆಗೂ ಒಂದೇ ಪ್ರಶ್ನೆ: ಇಷ್ಟೇ ಏನು? ಆ ಪ್ರಶ್ನೆ ಬಂದೊಡನೆ ಮಾತು ಹಾಡಾಗುತ್ತದೆ. ಇಷ್ಟೇ ಆದ ಪಕ್ಷಕ್ಕೆ ಕುಣಿತವನ್ನೇಕೆ ನಿಲ್ಲಿಸಬೇಕು, ಮದ್ಯವನ್ನು ತರಿಸಿರಿ, ಎಂದು ಪಲ್ಲವಿಯ ಅಭಿಪ್ರಾಯ.

ಸಂಗತಿಗಳು ಇವು. ಆಕೆ ಚಿಕ್ಕವಳಾಗಿದ್ದಾಗ ಮನೆಗೆ ಬೆಂಕಿ ಬಿತ್ತು. ತಂದೆ ಮಗುವನ್ನು ಬಾಚಿ ಎತ್ತಿಕೊಂಡು ಉರಿಯ ನಡುವೆ ಓಡಿ ಬೀದಿಗೆ ಬಂದನು. ಆಗ ಆತನ ಮುಖ ಹೇಗಿತ್ತೆಂಬುದನ್ನು ತಾನು ಎಂದೂ ಮರೆಯಳೆಂದು ಆಕೆ ಹೇಳುತ್ತಾಳೆ. ಮಲಗುವ ಉಡುಪಿನಲ್ಲಿಯೇ ಬೀದಿಯ ಕಲ್ಲುಹಾಸಿನ ಮೇಲೆ ನಿಂತು, ತನ್ನ ಲೋಕವೆಲ್ಲ ಸುಟ್ಟುಹೋಗುವುದನ್ನು ಮಗು ನೋಡಿತು. ನೋಡಿ ಮುಗಿದ ಮೇಲೆ ಅದಕ್ಕೆ ಅನ್ನಿಸಿದ್ದು, ಬೆಂಕಿಯೆಂದರೆ ಇಷ್ಟೇ ಏನು? ಹನ್ನೆರಡು ವರ್ಷದವಳಾದಾಗ ತಂದೆ ಸರ್ಕಸ್ಸಿಗೆ ಕರೆದುಕೊಂಡು ಹೋದನು. ವಿದೂಷಕರು, ಆನೆಗಳು, ಕುಣಿಯುವ ಕರಡಿಗಳು, ತಲೆಯ ಮೇಲೆ ಹಾರಿಹೋದ ಗುಲಾಬಿ ಬಣ್ಣದ ಉಡುಪಿನ ಚೆಲುವೆ. ಎಲ್ಲವೂ ಇತ್ತು, ಏನೋ ಒಂದು ಇರಲಿಲ್ಲ. ಅದು ಏನೆಂದು ಮಾತ್ರ ತಿಳಿಯಲಿಲ್ಲ. ಆಮೇಲೆ ಪ್ರೇಮ. ನದಿಯ ದಡದಲ್ಲಿ ಗಂಟೆಗಟ್ಟಲೆ ತಿರುಗಾಟ, ಒಬ್ಬರ ಕಣ್ಣನ್ನೊಬ್ಬರು ನೋಡುತ್ತ ಕೂಡುವುದು. ಒಂದು ದಿನ ಅವನು ಹೊರಟುಹೋದನು. ಸತ್ತುಹೋಗುವೆನೆಂದುಕೊಂಡಳು, ಸಾಯಲಿಲ್ಲ. ಕೊನೆಗೆ, ಕೇಳುವವರ ಮನಸ್ಸಿನಲ್ಲಿ ಏಳಬಹುದಾದ ಪ್ರಶ್ನೆಯನ್ನು ತಾನೇ ಎತ್ತುತ್ತಾಳೆ: ಬದುಕಿನಲ್ಲಿ ಇಷ್ಟು ರುಚಿಗೆಟ್ಟವಳು ಬದುಕನ್ನೇ ಏಕೆ ಮುಗಿಸಿಕೊಳ್ಳಬಾರದು? ಅದಕ್ಕೆ ಆಕೆ ಒಲ್ಲಳು. ಆ ಕಟ್ಟಕಡೆಯ ನಿರಾಶೆಗೆ ತನಗೆ ಅವಸರವಿಲ್ಲ; ಉಸಿರು ನಿಲ್ಲುವ ಗಳಿಗೆಯಲ್ಲಿಯೂ ಈ ಪ್ರಶ್ನೆಯನ್ನೇ ಕೇಳಿಕೊಳ್ಳುವೆನೆಂದು ತನಗೆ ಗೊತ್ತು, ಎನ್ನುತ್ತಾಳೆ.

ಹಾಡನ್ನು ಕಟ್ಟಿದವರು ಇಬ್ಬರು. ಮಾತು ಜೆರಿ ಲೀಬರನದು, ಸ್ವರ ಮೈಕ್ ಸ್ಟೋಲರನದು. ಇಬ್ಬರೂ 1933ರಲ್ಲಿ ಹುಟ್ಟಿದವರು. ತಾರುಣ್ಯದಲ್ಲಿ ಎಲ್ವಿಸ್ ಪ್ರೆಸ್ಲಿಯಂಥವರು ಹಾಡಿ ಲಕ್ಷಾಂತರ ಹುಡುಗ ಹುಡುಗಿಯರನ್ನು ಕುಣಿಸಿದ ಹಾಡುಗಳನ್ನು ಬರೆದವರು. 1957ರ 'ಜೈಲ್‌ಹೌಸ್ ರಾಕ್' ಅವರದೇ. ಅಂದರೆ ಪುಲಕವನ್ನು ಹುಟ್ಟಿಸಿ ಮಾರುವ ಅಂಗಡಿಯಲ್ಲಿಯೇ ಬೆಳೆದವರು. ಮೂವತ್ತು ದಾಟಿದ ಮೇಲೆ ಅವರು ಪುಲಕ ಅಡಗಿಹೋದವಳ ಹಾಡನ್ನು ಬರೆದದ್ದು ಸ್ವಾರಸ್ಯವಾದ ಸಂಗತಿ. ಮಿಠಾಯಿ ಅಂಗಡಿಯವನು ಸಿಹಿ ತಿನ್ನುವುದಿಲ್ಲವೆಂದು ನಮ್ಮಲ್ಲಿ ಹೇಳುವುದುಂಟಷ್ಟೆ.

ಆದರೆ ಬೀಜ ಅವರದಲ್ಲ, ಜರ್ಮನಿಯಿಂದ ಬಂದದ್ದು. ತೋಮಾಸ್ ಮಾನ್ ಎಂಬ ಕಾದಂಬರಿಕಾರನ ಹೆಸರನ್ನು ತಾವು ಕೇಳಿರಬಹುದು; 1929ರಲ್ಲಿ ನೊಬೆಲ್ ಬಹುಮಾನ ಪಡೆದವನು. ಅವನು ಇಪ್ಪತ್ತೊಂದು ವರ್ಷದ ಹುಡುಗನಾಗಿದ್ದಾಗ, 1896ರಲ್ಲಿ, 'ಆಶಾಭಂಗ' ಎಂಬರ್ಥದ ಹೆಸರಿಟ್ಟು ಒಂದು ಪುಟ್ಟ ಕಥೆಯನ್ನು ಬರೆದನು. 1898ರಲ್ಲಿ ಅವನ ಮೊದಲ ಕಥಾಸಂಗ್ರಹದಲ್ಲಿ ಅದು ಅಚ್ಚಾಯಿತು. ಜರ್ಮನಿಯಲ್ಲಿ ಹುಟ್ಟಿದವಳಾದ ಲೀಬರನ ಹೆಂಡತಿ ಈ ಕಥೆಯನ್ನು ಗಂಡನ ಕೈಗಿತ್ತಳು. ಅದರಿಂದ ಹಾಡು ಹುಟ್ಟಿತು. ಹಾಡನ್ನು ಅರ್ಥ ಮಾಡಿಕೊಳ್ಳಲು ಈ ಕಥೆಯಷ್ಟು ನೆರವಾಗುವುದು ಬೇರೊಂದಿಲ್ಲವಾದ್ದರಿಂದ ಅಲ್ಲಿ ಸ್ವಲ್ಪ ನಿಲ್ಲೋಣ.

ವೆನಿಸ್ ನಗರದ ಸಂತ ಮಾರ್ಕನ ಚೌಕ. ಕಥೆ ಹೇಳುವವನಿಗೆ ಅಲ್ಲಿ ಒಬ್ಬ ವಿಚಿತ್ರ ಮನುಷ್ಯನ ಭೇಟಿಯಾಗುತ್ತದೆ. ಒಂಟಿಯಾಗಿ ಅತ್ತಿಂದಿತ್ತ ಓಡಾಡುವವನು, ತನ್ನಷ್ಟಕ್ಕೆ ತಾನೇ ಗೊಣಗುವವನು. ಒಂದು ಸಂಜೆ ಅವನು ಇದ್ದಕ್ಕಿದ್ದಂತೆ, ನಿರಾಶೆಯೆಂದರೆ ಏನೆಂದು ನಿಮಗೆ ಗೊತ್ತೆ, ಎಂದು ಮಾತಿಗೆ ತೊಡಗುತ್ತಾನೆ. ಯಾವುದೋ ಒಂದು ಆಸೆ ಕೈಗೂಡದ ನಿರಾಶೆ ಅವನದಲ್ಲ. ಬಾಳಿನ ಸಮಸ್ತದ ವಿಷಯದಲ್ಲಿಯೂ ಉಂಟಾದ ನಿರಾಶೆ. ಅವನು ಪಾದ್ರಿಯ ಮಗ. ಮನೆಯಲ್ಲಿ ದೊಡ್ಡ ದೊಡ್ಡ ಮಾತುಗಳ ಗಾಳಿ. ಪುಣ್ಯ ಪಾಪ, ಸೌಂದರ್ಯ ಕುರೂಪ ಎಂದು ಉಪದೇಶದ ಪೀಠದಿಂದ ಉರುಳಿಬರುವ ಮಾತುಗಳನ್ನು ಕೇಳಿ ಬೆಳೆದನು. ಈ ಮಾತುಗಳು ಯಾವ ಲೋಕವನ್ನು ಹೇಳುತ್ತಿದ್ದುವೋ ಆ ಲೋಕ ಹೊರಗೆ ಇರಲೇಬೇಕೆಂದು ನಂಬಿದನು. ಒಂದು ರಾತ್ರಿ ಮನೆ ಹತ್ತಿಕೊಂಡಿತು. ಮೊದಲು ಕಂಡವನು ಅವನೇ. ಬೆಂಕಿ, ಬೆಂಕಿ, ಎಂದು ಮನೆಯೆಲ್ಲ ಕೂಗುತ್ತ ಓಡಾಡಿದನು. ಆಮೇಲೆ ನಿಂತು ನೋಡುವಾಗ, ತಾನು ಮನಸ್ಸಿನಲ್ಲಿ ಊಹಿಸಿಕೊಂಡಿದ್ದ ಬೆಂಕಿ ಇದಕ್ಕಿಂತ ಭಯಂಕರವಾಗಿತ್ತಲ್ಲ, ಎನ್ನಿಸಿತು. ಹೀಗೆಯೇ ಪ್ರೇಮ, ಪ್ರೇಮಭಂಗ. ಹೀಗೆಯೇ ಸಮುದ್ರ: ಎಲ್ಲೆಯಿಲ್ಲದ್ದನ್ನು ನೋಡಬಂದವನ ಕಣ್ಣಿಗೆ ದಿಗಂತದ ಗೆರೆ ಅಡ್ಡ ಬಂದಿತು.

ಈ ಮನುಷ್ಯ ಯಾರ ಮೇಲೆ ದೂರು ಹೇಳುತ್ತಾನೆಂಬುದನ್ನು ಕೇಳಿರಿ. ಕವಿಗಳ ಮೇಲೆ! ನಮ್ಮ ಅನುಭವ ದೊಡ್ಡದು, ಅದನ್ನು ಹೇಳಲು ಭಾಷೆ ಬಡವಾಗಿದೆ, ಎಂದು ಕವಿಗಳು ಹಲುಬುತ್ತಾರಷ್ಟೆ. ಇವನು ಹೇಳುವುದು ಇದಕ್ಕೆ ನೇರ ವಿರುದ್ಧ: ಭಾಷೆಯೇ ಬಹು ಶ್ರೀಮಂತ, ಬಾಳೇ ಬಡದು. ನೋವಿಗೂ ಒಂದು ಮಿತಿಯುಂಟು, ಅದಕ್ಕೆ ಮೇಲೆ ಮೂರ್ಛೆ, ಸುಖಕ್ಕೂ ಹಾಗೆಯೇ. ಮಿತಿಯಿಲ್ಲದ್ದು ಶಬ್ದಕ್ಕೆ ಮಾತ್ರ. ಶಬ್ದವನ್ನು ನಂಬಿ ಬಾಳಿಗೆ ಇಳಿದವನಿಗೆ ಹೆಜ್ಜೆಹೆಜ್ಜೆಗೂ ನಷ್ಟವೇ.

ಕಾವ್ಯಪಾಠ ಹೇಳುವವರಿಗೆ ಇದು ಚುಚ್ಚುವ ಮಾತು. ನಮಗಂತೂ ಚುಚ್ಚಿತು, ಏಕೆಂಬುದನ್ನು ಮುಂದೆ ಹೇಳುತ್ತೇವೆ. ಈಗ ಸ್ನೇಹಿತರ ಮನೆಯ ಮೂರು ಅಭಿಪ್ರಾಯಗಳನ್ನು ನೋಡೋಣ.

ವಕೀಲರ ಅಭಿಪ್ರಾಯಕ್ಕೆ ಹೆಚ್ಚು ಹೊತ್ತು ಬೇಡ. ಪಲ್ಲವಿಯಲ್ಲಿ ಮದ್ಯವೂ ಕುಣಿತವೂ ಇರುವುದು ನಿಜ. ಆದರೆ ಕುಣಿಯೋಣವೆನ್ನುವ ಆ ಕಂಠದಲ್ಲಿ ಕುಣಿತದ ಉತ್ಸಾಹವೇ ಇಲ್ಲ. ಚಾರ್ವಾಕನಿಗೆ ಸುಖದಲ್ಲಿ ನಂಬಿಕೆಯುಂಟು. ಸಾಲ ಮಾಡಿಯಾದರೂ ತುಪ್ಪ ತಿನ್ನುವವನಿಗೆ ತುಪ್ಪ ರುಚಿಸಬೇಕಷ್ಟೆ. ಈಕೆಗೆ ಆ ನಂಬಿಕೆಯೂ ಇಲ್ಲ. ಹೊತ್ತು ಹೋಗಬೇಕಲ್ಲ ಎಂದು ಕುಣಿಯುವವಳು.

ವೈದ್ಯ ವಿದ್ಯಾರ್ಥಿನಿಯ ಮಾತಿನಲ್ಲಿ ಹೆಚ್ಚು ಸಾರವಿದೆ. ಆಕೆ ಹೇಳಿದ ಹೆಸರು 'ಅನ್‌ಹಿಡೋನಿಯ'. ಸುಖವನ್ನು ಅನುಭವಿಸುವ ಶಕ್ತಿಯೇ ಇಲ್ಲದಿರುವುದು ಎಂದು ಅರ್ಥ. ಫ್ರಾನ್ಸಿನ ಮನಶ್ಶಾಸ್ತ್ರಜ್ಞ ತೇಓದ್ಯೂಲ್ ರಿಬೋ ಈ ಪದವನ್ನು ಟಂಕಿಸಿದ್ದು 1896ರಲ್ಲಿ; ಮಾನ್ ತನ್ನ ಕಥೆಯನ್ನು ಬರೆದ ವರ್ಷವೇ. ಒಬ್ಬರನ್ನೊಬ್ಬರು ಅರಿಯದ ಇಬ್ಬರು, ಒಬ್ಬ ಶಾಸ್ತ್ರಕಾರ, ಒಬ್ಬ ಹುಡುಗ ಕಥೆಗಾರ, ಒಂದೇ ವರ್ಷದಲ್ಲಿ ಒಂದೇ ಬಾಗಿಲನ್ನು ತಟ್ಟಿದರು. ಇಂಥ ಕಾಯಿಲೆ ಇರುವುದು ನಿಜ. ಉಂಡದ್ದು ರುಚಿಸದೆ, ಮಕ್ಕಳ ಮಾತು ಹಿತವಾಗದೆ, ವಾರಗಟ್ಟಲೆ ಹಾಗೆಯೇ ಇರುವವರು ಹಾಡಿನ ಅರ್ಥವನ್ನು ಕೇಳುತ್ತ ಕೂಡದೆ ವೈದ್ಯರಲ್ಲಿಗೆ ಹೋಗತಕ್ಕದ್ದು. ಆದರೆ ಹಾಡಿನ ಹೆಂಗಸಿಗೆ ಈ ಲಕ್ಷಣ ಪೂರ್ತಿಯಾಗಿ ಹೊಂದುವುದಿಲ್ಲ. ಹೊಂದದಿರುವುದಕ್ಕೆ ಕಾರಣವೇ ನಮ್ಮ ಉತ್ತರದ ಮರ್ಮ.

ಅದಕ್ಕೆ ಮುಂಚೆ ವೃದ್ಧರ ಪಕ್ಷ. ಪುರಾಣ ಕೇಳಿ ಎದ್ದಾಗ, ಹೆರಿಗೆಯ ನೋವಿನಲ್ಲಿ, ಸ್ಮಶಾನದಲ್ಲಿ, ಹೀಗೆ ಮೂರು ಹೊತ್ತಿನಲ್ಲಿ ವೈರಾಗ್ಯ ಹುಟ್ಟುತ್ತದೆಂದು ನಮ್ಮ ಹಿರಿಯರು ಹೇಳುವುದುಂಟು. ಮೂರೂ ಮನೆಗೆ ಬರುವಷ್ಟರಲ್ಲಿ ಇಳಿದುಹೋಗುತ್ತವೆಂಬ ನಗೆಯೂ ಅದರಲ್ಲಿ ಸೇರಿದೆ. ಈಕೆಯದು ಇಳಿದುಹೋಗುವಂಥದಲ್ಲ, ಬಾಳೆಲ್ಲ ಬೆನ್ನುಹತ್ತಿ ಬಂದದ್ದು. ಆದ್ದರಿಂದ ವೃದ್ಧರು ಇದನ್ನು ನಿರ್ವೇದವೆಂದರೆ ನಾವು ಕೂಡಲೆ ತಳ್ಳಿಹಾಕಲಾರೆವು. ಭರತನು ಮೂವತ್ತಮೂರು ವ್ಯಭಿಚಾರಿಭಾವಗಳನ್ನು ಎಣಿಸುವಾಗ ಎಲ್ಲಕ್ಕೂ ಮೊದಲು ಇಟ್ಟದ್ದು ನಿರ್ವೇದವನ್ನೇ. ದಾರಿದ್ರ್ಯ, ರೋಗ, ಅವಮಾನ, ಇಷ್ಟಜನರ ಅಗಲಿಕೆ, ತತ್ತ್ವಜ್ಞಾನ ಇವೆಲ್ಲವನ್ನೂ ಅದಕ್ಕೆ ಕಾರಣವಾಗಿ ಹೇಳಿದನು. ಬಹುಕಾಲದ ಮೇಲೆ ಮಮ್ಮಟನು ಶಾಂತರಸಕ್ಕೆ ನಿರ್ವೇದವೇ ಸ್ಥಾಯಿಯೆಂದನು. ಅವನಿಗಿಂತ ಹಿಂದಿನವನಾದ ಅಭಿನವಗುಪ್ತನು ಇಂಥ ಮತಕ್ಕೆ ಒಪ್ಪಿದವನಲ್ಲ. ಬರಿಯ ಬೇಸರದಿಂದ ಶಾಂತಿ ಹುಟ್ಟಲಾರದು, ಆತ್ಮಜ್ಞಾನವೇ ಅದರ ನೆಲೆಯೆಂಬುದು ಅವನ ನಿಲುವು. ಈ ಹಾಡಿನ ಮಟ್ಟಿಗೆ ನಾವು ಅಭಿನವಗುಪ್ತನ ಕಡೆ. ಲೋಕದ ಸಾರವನ್ನು ಅರಿತು ಕೈಬಿಟ್ಟವರ ಸಮಾಧಾನ ಈಕೆಯಲ್ಲಿಲ್ಲ. ಪ್ರಶ್ನೆ ಕೇಳುವುದನ್ನೇ ಬಿಡಲಾರಳು, ಸಾಯುವಾಗಲೂ ಕೇಳುವೆನೆನ್ನುತ್ತಾಳೆ.

ಆದರೆ ಭರತನ ಅದೇ ಪಟ್ಟಿಯಲ್ಲಿ ಇನ್ನೊಂದು ಹೆಸರಿದೆ. ಜಡತೆ. ಬೇಕಾದ್ದನ್ನೋ ಬೇಡವಾದ್ದನ್ನೋ ಥಟ್ಟನೆ ಕಂಡಾಗ, ಕೇಳಿದಾಗ, ಮನುಷ್ಯನು ಮಾಡುವುದೇನೆಂದು ತೋಚದೆ ನಿಂತುಬಿಡುತ್ತಾನೆ. ಎವೆಯಿಕ್ಕದೆ ನೋಡುತ್ತಾನೆ, ಮಾತು ಹೊರಡುವುದಿಲ್ಲ. ಇದು ಭಾವದ ಬರದಿಂದ ಆಗುವುದಲ್ಲ, ನೆರೆಯಿಂದ ಆಗುವುದು. ಕಟ್ಟೆಯ ತೂಬಿಗಿಂತ ನೀರು ಹೆಚ್ಚಾದಾಗ ತೂಬೇ ಕಟ್ಟಿಕೊಂಡ ಹಾಗೆ. ಈಗ ಆ ಮಗುವನ್ನು ನೆನೆಯಿರಿ. ನಡುರಾತ್ರಿ, ಮಲಗುವ ಉಡುಪು, ಕಾಲ ಕೆಳಗೆ ಕಲ್ಲುಹಾಸು, ಎದುರಿಗೆ ಉರಿಯುವ ಮನೆ. ಅಳುವುದಿಲ್ಲ, ಕೂಗುವುದಿಲ್ಲ, ನೋಡುತ್ತ ನಿಂತಿದೆ. ಜಡತೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ಯಾವ ಲಾಕ್ಷಣಿಕನೂ ಕೊಡಲಾರನು. ಆ ಗಳಿಗೆಯಲ್ಲಿ ಒಳಗೆ ಏನೂ ಕದಲದಿರುವುದನ್ನು ಕಂಡು ಮಗು ತಪ್ಪು ಲೆಕ್ಕ ಹಾಕಿತು: ನನಗೆ ಏನೂ ಆಗಲಿಲ್ಲ, ಆದುದರಿಂದ ಇದು ದೊಡ್ಡದಲ್ಲ. ಆ ಲೆಕ್ಕವನ್ನು ಆಕೆ ತಿದ್ದಲೇ ಇಲ್ಲ. ಸರ್ಕಸ್ಸಿಗೆ, ಪ್ರೇಮಕ್ಕೆ, ಇನ್ನೂ ಬಾರದ ಸಾವಿಗೆ ಕೂಡ ಅದೇ ಸೂತ್ರವನ್ನು ಹಚ್ಚಿದಳು. ಜಡತೆಯನ್ನು ನಿರ್ವೇದವೆಂದು ತಪ್ಪು ತಿಳಿದವಳ ಹಾಡು ಇದು, ಎಂಬುದು ನಮ್ಮ ಅರ್ಥ.

ಇದಕ್ಕೆ ಆಧಾರವೇನೆಂದು ವಕೀಲರು ಕೇಳಿಯೇ ಕೇಳುತ್ತಾರೆ. ಆಧಾರ ಆಕೆಯ ಬಾಯಲ್ಲಿಯೇ ಇದೆ. ಏನೂ ಅನ್ನಿಸದವಳಿಗೆ ಹಾರಿಹೋದ ಹೆಂಗಸಿನ ಉಡುಪಿನ ಬಣ್ಣ ಇಷ್ಟು ವರ್ಷದ ಮೇಲೆ ಏಕೆ ನೆನಪಿರಬೇಕು? ಕರಡಿಗಳು ಕುಣಿದದ್ದು ಏಕೆ ನೆನಪಿರಬೇಕು? ಮರೆಯಲಾರೆನೆಂದು ತಾನೇ ಹೇಳಿದ ತಂದೆಯ ಮುಖ ಎಲ್ಲಿಂದ ಬಂತು? ಸಾಕ್ಷಿ ಒಂದು ಹೇಳುತ್ತದೆ, ಸಾಕ್ಷಿಯ ಕೈಯಲ್ಲಿರುವ ಗಂಟು ಇನ್ನೊಂದನ್ನು ಹೇಳುತ್ತದೆ.

ಕಥೆಯನ್ನು ಹಾಡಿಗೆ ತಿರುಗಿಸುವಾಗ ಲೀಬರ್ ಮಾಡಿದ ಬದಲಾವಣೆಗಳೂ ಇದನ್ನೇ ತೋರಿಸುತ್ತವೆ. ಮಾನನ ಹುಡುಗ ಒಬ್ಬನೇ ಕೂಗುತ್ತ ಓಡಾಡಿದವನು. ಅವನನ್ನು ಯಾರೂ ಎತ್ತಿಕೊಳ್ಳಲಿಲ್ಲ. ಹಾಡಿನಲ್ಲಿ ಹುಡುಗ ಹೋಗಿ ಹುಡುಗಿ ಬಂದಳು, ಜೊತೆಗೆ ಎತ್ತಿಕೊಳ್ಳುವ ತಂದೆಯೊಬ್ಬನು ಬಂದನು. ಸಮುದ್ರ ಹೋಗಿ ಸರ್ಕಸ್ಸು ಬಂದಾಗಲೂ ಅಲ್ಲಿಗೆ ಕೈಹಿಡಿದು ಕರೆದೊಯ್ದವನು ತಂದೆಯೇ. ಕವಿಗಳ ಮೇಲಿನ ದೂರು ಬಿಟ್ಟುಹೋಯಿತು. ವೆನಿಸ್ಸಿನ ಮನುಷ್ಯ ಅಪರಿಚಿತನೊಬ್ಬನನ್ನು ಹಿಡಿದು ಮಾತಾಡಿದನು. ಈಕೆ ನಮ್ಮೆಲ್ಲರನ್ನೂ ಕೂಡಿಸಿಕೊಂಡು, ನೀವು ಹೀಗೆಂದುಕೊಳ್ಳುತ್ತಿರಬಹುದು, ಎಂದು ನಮ್ಮ ಮನಸ್ಸನ್ನು ಕೇಳುತ್ತಾಳೆ, ನಮ್ಮೆಲ್ಲರನ್ನೂ ಸೇರಿಸಿ ಕುಣಿಯೋಣವೆನ್ನುತ್ತಾಳೆ. ಮಾತು ಬತ್ತಿದಲ್ಲಿಂದ ಮುಂದಕ್ಕೆ ರಾಗ ಹೊರಡುತ್ತದೆ. ಏನೂ ಇಲ್ಲವೆನ್ನುವವಳಿಗೆ ಹಾಡುವ ಅಗತ್ಯವೇನಿತ್ತು?

ಇದೇ 1969ರಲ್ಲಿ ಬಿ. ಬಿ. ಕಿಂಗ್ ಎಂಬ ನೀಗ್ರೋ ಜನಾಂಗದ ಗಾಯಕನು 'ದಿ ಥ್ರಿಲ್ ಈಸ್ ಗಾನ್' ಎಂಬ 1951ರ ಹಾಡೊಂದನ್ನು ಹೊಸದಾಗಿ ಹಾಡಿ ಮುದ್ರಿಸಿದನು. ಪುಲಕ ಹೋಯಿತೆಂದು ಬಾಯಿ ಹೇಳುತ್ತದೆ, ಕೈಯಲ್ಲಿರುವ ಗಿಟಾರು ಒಂದೊಂದು ಸ್ವರವನ್ನೂ ಹಿಡಿದು ನಡುಗಿಸುತ್ತದೆ. ಹೋಯಿತೆಂಬ ಮಾತನ್ನು ತಂತಿ ನಂಬಿದ ಹಾಗೆ ಕಾಣುವುದಿಲ್ಲ. ಹಾಡಿನಲ್ಲಿ ಇಂಥ ಎರಡು ಬಾಯಿಗಳಿರುವುದು ಸಾಮಾನ್ಯ. ಅರ್ಥ ಹೇಳುವವನು ಮಾತನ್ನಷ್ಟೇ ಬರೆದುಕೊಂಡು ಕುಳಿತರೆ ಅರ್ಧ ಬಿಟ್ಟುಹೋಗುತ್ತದೆ.

ಪೆಗಿ ಲೀಯ ಹಾಡುಗಾರಿಕೆಯಲ್ಲಿ ತಂತಿಯ ನಡುಕವೂ ಇಲ್ಲ. 1969ರ ಜನವರಿಯಲ್ಲಿ ಇದನ್ನು ಹಾಡಿದಾಗ ಆಕೆಗೆ ನಲವತ್ತೆಂಟು ವರ್ಷ. ವಾದ್ಯಗಳನ್ನು ಹೊಂದಿಸಿದವನು ರ‍್ಯಾಂಡಿ ನ್ಯೂಮನ್ ಎಂಬ ಇಪ್ಪತ್ತೈದರ ತರುಣ. ತಟ್ಟೆಯನ್ನು ಮಾರಬೇಕಾದ ಕಂಪೆನಿಗೆ ಈ ವಿಚಿತ್ರ ಹಾಡಿನಲ್ಲಿ ಅಷ್ಟೇನೂ ನಂಬಿಕೆ ಇರಲಿಲ್ಲ. ಜನರೋ, ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಅದನ್ನು ಹನ್ನೊಂದನೆಯ ಸ್ಥಾನಕ್ಕೆ ಏರಿಸಿದರು. 1970ರಲ್ಲಿ ಆಕೆಗೆ ಗ್ರ್ಯಾಮಿ ಬಹುಮಾನವೂ ಬಂದಿತು. ಆಕೆ ಅಳುವುದಿಲ್ಲ, ಬಿಕ್ಕುವುದಿಲ್ಲ, ವ್ಯಂಗ್ಯವಾಗಿ ನಗುವುದೂ ಇಲ್ಲ. ಲೆಕ್ಕ ಒಪ್ಪಿಸುವಂತೆ ಹೇಳುತ್ತಾಳೆ. ನಾಲ್ಕು ವರ್ಷದವಳಾಗಿದ್ದಾಗಲೇ ತಾಯಿಯನ್ನು ಕಳೆದುಕೊಂಡವಳು ಆಕೆ ಎಂಬುದನ್ನು ಇಲ್ಲಿ ಹೇಳಿ ಹಾಡಿಗೆ ಬೀಗದ ಕೈ ಸಿಕ್ಕಿತೆಂದು ಸಂಭ್ರಮಪಡುವವರುಂಟು. ಕಂಠದ ಗುಟ್ಟನ್ನು ಜೀವನಚರಿತ್ರೆಯಲ್ಲಿ ಹುಡುಕುವುದು ನಮಗೆ ಅಷ್ಟಾಗಿ ಹಿಡಿಸದು. ಆ ಸಮಾಧಾನದ ಧ್ವನಿ ನಮಗೆ ಪರಿಚಿತವಾಗಿ ಕೇಳಿತೆಂದಷ್ಟೇ ಹೇಳುತ್ತೇವೆ. ಪರಿಚಿತವಾದದ್ದು ಹೇಗೆಂಬುದನ್ನು ಹೇಳದಿದ್ದರೆ ಉತ್ತರ ಪೂರ್ತಿಯಾಗದು.

ಒಂಬತ್ತು ವರ್ಷಗಳ ಕೆಳಗೆ ನಮ್ಮ ತಂದೆಯವರು ತೀರಿಕೊಂಡರು. ಹಿರಿಯ ಮಗನಾದ್ದರಿಂದ ಕರ್ಮಾಂತರಗಳೆಲ್ಲ ನಮ್ಮ ಪಾಲಿಗೆ. ಚಿತೆಯ ಬಳಿ ನಿಂತಾಗ ನಮ್ಮ ಕಣ್ಣಿಗೆ ಬಿದ್ದದ್ದು, ಮಂತ್ರ ಹೇಳಿಸುತ್ತಿದ್ದ ಪುರೋಹಿತರ ಕೈಗಡಿಯಾರ ಹತ್ತು ನಿಮಿಷ ಹಿಂದೆ ಇದ್ದುದು. ಅದನ್ನು ಅವರಿಗೆ ತಿಳಿಸಬೇಕೋ ಬೇಡವೋ ಎಂದು ಯೋಚಿಸುತ್ತಿದ್ದೆವು. ಕಣ್ಣಿನಲ್ಲಿ ಒಂದು ಹನಿಯಿಲ್ಲ. ಬಂದವರು ಧೀರರೆಂದು ಹೊಗಳಿದರು. ವೈಕುಂಠ ಸಮಾರಾಧನೆ ಕಳೆದು ಕಾಲೇಜಿಗೆ ಹಿಂದಿರುಗಿದೆವು. ಆ ವಾರ ಬಿ. ಎ. ತರಗತಿಗೆ ನಡೆಯುತ್ತಿದ್ದುದು ಷೇಕ್ಸ್‌ಪಿಯರನ 'ಕಿಂಗ್ ಲಿಯರ್', ಕೊನೆಯ ಅಂಕ. ಸತ್ತ ಮಗಳನ್ನು ತೋಳಿನಲ್ಲಿ ಹೊತ್ತು ಮುದುಕ ದೊರೆ ರಂಗಕ್ಕೆ ಬರುತ್ತಾನಷ್ಟೆ. ಕಲ್ಲುಗಳನ್ನು ಕೂಡ ಕರಗಿಸುವ ಗೋಳು. ಅದನ್ನು ಓದಿ ಅರ್ಥ ಹೇಳುತ್ತಿರುವಾಗ ನಮಗೆ ನಾಚಿಕೆಯಾಯಿತು. ದುಃಖವೆಂದರೆ ಇದು, ನಮ್ಮಲ್ಲಿ ಇದರ ನೂರನೆಯ ಒಂದು ಪಾಲೂ ಇಲ್ಲ, ನಾವು ಕಲ್ಲು. ಇಪ್ಪತ್ತು ವರ್ಷ ಲಿಯರನ ಅಳತೆಗೋಲನ್ನು ಹಿಡಿದು ತಿರುಗಿದವರಿಗೆ ನಮ್ಮ ಮನೆಯ ಸಾವು ಮೊಳಕ್ಕೂ ಸಾಲಲಿಲ್ಲ. ತಂದೆಯ ಸಾವೆಂದರೆ ಇಷ್ಟೇ ಏನು, ಎಂದು ನಾವೂ ಕೇಳಿಕೊಂಡೆವು, ಯಾರಿಗೂ ಹೇಳಲಿಲ್ಲ. ವೆನಿಸ್ಸಿನ ಮನುಷ್ಯನ ದೂರು ನಮ್ಮನ್ನು ಚುಚ್ಚಿತೆಂದು ಹೇಳಿದ್ದು ಇದಕ್ಕೋಸ್ಕರ. ಭಾಷೆಯ ಐಶ್ವರ್ಯದಿಂದ ದಿವಾಳಿಯಾದವರಲ್ಲಿ ನಾವೂ ಒಬ್ಬರು.

ನಮ್ಮ ಸೋದರತ್ತೆಗೆ ಮಾತ್ರ ಹೇಗೋ ತಿಳಿಯಿತು. ಮಾಸಿಕದ ದಿನ ಬಾಳೆಯೆಲೆ ಒರೆಸುತ್ತ, "ಅಳು ಬರದಿದ್ದರೆ ಬಿಡೋ ಮಗು. ಅವನೇನು ನಿನ್ನನ್ನು ಅಳಿಸುವುದಕ್ಕೆ ಹೋದನೆ?" ಎಂದರು. ಲಿಯರನ್ನು ಓದಿದವರಲ್ಲ.

ಅಳು ಆಮೇಲೆ ಬಂದು ಎಲ್ಲ ಸರಿಹೋಯಿತೆಂದು ತಾವು ನಿರೀಕ್ಷಿಸಬಹುದು. ಬರಲಿಲ್ಲ. ಇವತ್ತಿನವರೆಗೂ ನಾಟಕಗಳಲ್ಲಿ ಓದಿದಂಥದು ಬಂದಿಲ್ಲ. ಬಂದದ್ದು ಬೇರೆ. ನಮ್ಮ ತಂದೆಯವರಿಗೆ ಒಂದು ಪದ್ಧತಿಯಿತ್ತು. ಬೀದಿ ದಾಟುವಾಗ ಮಗನ ಬೆರಳನ್ನು ಹಿಡಿಯುತ್ತಿರಲಿಲ್ಲ, ಮಣಿಕಟ್ಟನ್ನು ಹಿಡಿಯುತ್ತಿದ್ದರು, ಕಳ್ಳನನ್ನು ಹಿಡಿದ ಹಾಗೆ. ನಾವು ಕಾಲೇಜಿನಲ್ಲಿ ಪಾಠ ಹೇಳುವವರಾಗಿ, ಕಿವಿಯ ಬಳಿ ಕೂದಲು ನರೆತ ಮೇಲೂ ಆ ಪದ್ಧತಿಯನ್ನು ಬಿಡಲಿಲ್ಲ. ವಿದ್ಯಾರ್ಥಿಗಳು ಕಂಡಾರೆಂದು ನಾವೇ ಬಿಡಿಸಿಕೊಳ್ಳುತ್ತಿದ್ದೆವು. ಸ್ನೇಹಿತರ ಮನೆಯಲ್ಲಿ ಆ ಸಂಜೆ ಹಾಡಿನ ತಂದೆ ಮಗುವನ್ನು ಬಾಚಿಕೊಂಡಾಗ ನಮಗೆ ಎಡಗೈಯ ಮಣಿಕಟ್ಟಿನ ನೆನಪಾಯಿತು. ಅಷ್ಟೇ. ಪಲ್ಲವಿಯನ್ನು ನಾವು ಸರಿಯಾಗಿ ಕೇಳಿಸಿಕೊಳ್ಳಲೂ ಇಲ್ಲ.

ಮಾನನ ಕಥೆಯ ಕೊನೆಯ ಸಂಗತಿಯೊಂದನ್ನು ಇದುವರೆಗೆ ಹೇಳದೆ ಇಟ್ಟುಕೊಂಡೆವು. ವೆನಿಸ್ಸಿನ ಮನುಷ್ಯ ತನ್ನ ಮಹಾನಿರಾಶೆಯನ್ನೆಲ್ಲ ಹೇಳಿ, ಮರಣವೂ ಒಂದು ನಿರಾಶೆಯೇ ಆಗುವುದೆಂದು ಮುಗಿಸುತ್ತಾನೆ. ಹೊತ್ತಾಗಿದೆ. ಹೊರಡುವ ಮುನ್ನ, ಚೌಕದಲ್ಲಿ ಚಳಿ ಏರಿತಲ್ಲ, ಅಷ್ಟನ್ನು ಅರಿಯುವ ಶಕ್ತಿ ನನಗಿದೆ, ಎಂಬ ಅರ್ಥದ ಮಾತಾಡಿ, ನಕ್ಕು, ನಮಸ್ಕಾರ ಹೇಳಿ ಹೋಗುತ್ತಾನೆ. ಇಪ್ಪತ್ತೊಂದರ ಹುಡುಗನಿಗೆ ಆ ಚಳಿಯನ್ನು ಕೊನೆಗೆ ಇಡಬೇಕೆಂದು ಹೊಳೆದದ್ದು ಆಶ್ಚರ್ಯ. ಹಾಡಿನವರು ಇದನ್ನು ಬಿಟ್ಟುಬಿಟ್ಟರು. ಅವರ ಹಾಡಿನಲ್ಲಿ ಬೆಂಕಿಯುಂಟು, ಬೆಂಕಿಯ ನಡುವೆ ಎರಡು ತೋಳುಗಳುಂಟು.

ಧ್ವನಿಮುದ್ರಿಕೆ ದೊರೆತವರು ಇದನ್ನು ಎರಡು ಸಲ ಕೇಳಬೇಕೆಂದು ನಮ್ಮ ಬಿನ್ನಹ. ಮೊದಲ ಸಲ ಎಲ್ಲರಂತೆ ಪಲ್ಲವಿಗಾಗಿ ಕಾಯಿರಿ. ಎರಡನೆಯ ಸಲ, ಮೊಟ್ಟಮೊದಲ ಸಂಗತಿಯಲ್ಲಿ ತಂದೆಯ ಮುಖದ ಮಾತು ಬರುವಲ್ಲಿ ಕಿವಿಗೊಟ್ಟು, ಆಕೆ ಅದನ್ನು ಎಷ್ಟು ಬೇಗ ದಾಟಿಬಿಡುತ್ತಾಳೆಂಬುದನ್ನು ಗಮನಿಸಿರಿ.